ಲಗ್ನಪತ್ರಿಕೆಯ ಬೆನ್ನಿಗೆ ಬರೆದ ಇಂಗ್ಲಿಷ್

ಸುದ್ದಿಮನೆಗೆ ಸೇರಿ ಮೂರು ವಾರವಾಗಿತ್ತು. ರಾತ್ರಿ ಪಾಳಿಯಲ್ಲಿ ಸುದ್ದಿಸಂಸ್ಥೆಯ ಇಂಗ್ಲಿಷ್ ವರದಿಯೊಂದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂತು. ಒಂದು ದೇಶ ಇನ್ನೊಂದರ ಮೇಲೆ ‘ಸ್ಯಾಂಕ್ಷನ್ಸ್’ ಹೇರಿದ ಸುದ್ದಿ ಅದು. ನಮ್ಮ ಊರಿನಲ್ಲಿ ಸ್ಯಾಂಕ್ಷನ್ ಎಂದರೆ ಒಂದೇ ಅರ್ಥ: ಸೊಸೈಟಿಯಲ್ಲಿ ಸಾಲ ಮಂಜೂರಾಯಿತು ಎನ್ನುವುದು. ಸಾಲ ಸ್ಯಾಂಕ್ಷನ್ ಆದ ದಿನ ಅಪ್ಪ ಚಳ್ಳಕೆರೆಯಿಂದ ಖಾರ ಮಂಡಕ್ಕಿ ಕಟ್ಟಿಸಿಕೊಂಡು ಬರುತ್ತಿದ್ದರು. ಅಷ್ಟು ಆಪ್ತವಾದ ಪದಕ್ಕೆ ನಿಘಂಟು ತೆರೆಯಬೇಕೆಂದು ನನಗೆ ಹೊಳೆಯಲೇ ಇಲ್ಲ. ‘ಮಂಜೂರಾತಿ’ ಎಂದು ಬರೆದು ಕಳುಹಿಸಿದೆ.

ಮುಖ್ಯ ಉಪಸಂಪಾದಕರು ಕರೆದರು. ಬೈಯಲಿಲ್ಲ. “ಈ ಪ್ಯಾರಾ ಒಮ್ಮೆ ಗಟ್ಟಿಯಾಗಿ ಓದಿ” ಎಂದರು. ಓದಿದೆ. ಮಂಜೂರಾತಿ ಕೊಟ್ಟ ದೇಶದ ಮೇಲೆ ಅದನ್ನು ಪಡೆದ ದೇಶ ಕೆಂಡ ಕಾರುತ್ತಿತ್ತು. “ಗೊತ್ತಿಲ್ಲದ ಪದಕ್ಕೆ ಎಲ್ಲರೂ ನಿಘಂಟು ನೋಡುತ್ತಾರೆ. ನೀವು ಗೊತ್ತಿರುವ ಪದಕ್ಕೂ ನೋಡುವ ಅಭ್ಯಾಸ ಮಾಡಿಕೊಳ್ಳಿ” ಎಂದು ಹೇಳಿ, ತಾವೇ ‘ನಿರ್ಬಂಧ’ ಎಂದು ತಿದ್ದಿ ಪುಟಕ್ಕೆ ಬಿಟ್ಟರು.

ಆ ರಾತ್ರಿ ಕೋಣೆಗೆ ಹೋದವನಿಗೆ ನಿದ್ದೆ ಹತ್ತಲಿಲ್ಲ. ಒಂದೇ ಪದ ಅನುಮತಿಯೂ ಆಗಿ ದಂಡನೆಯೂ ಆಗುವುದು ಹೇಗೆ? ಹುಡುಕಿದಾಗ ಸಿಕ್ಕಿದ್ದು ಲ್ಯಾಟಿನ್ನಿನ ‘ಸ್ಯಾಂಕ್ಟಸ್’, ಅಂದರೆ ಪವಿತ್ರ. ಪವಿತ್ರ ಕಟ್ಟಳೆಯಾಗಿ ಗಟ್ಟಿಗೊಳಿಸುವುದು ಸ್ಯಾಂಕ್ಷನ್. ಕಟ್ಟಳೆ ಒಪ್ಪಿಗೆಯನ್ನೂ ಕೊಡುತ್ತದೆ, ಮೀರಿದವನಿಗೆ ದಂಡವನ್ನೂ ಹಾಕುತ್ತದೆ. ಆಗ ನಮ್ಮದೇ ಮಾತೊಂದು ನೆನಪಾಯಿತು. ಸಂಸ್ಕೃತದ ‘ಶಿಕ್ಷಾ’ ಎಂದರೆ ಕಲಿಕೆ. ಅದೇ ಬೇರಿನಿಂದ ಕನ್ನಡದಲ್ಲಿ ಕಲಿಸುವುದು ಶಿಕ್ಷಣವಾಯಿತು, ದಂಡಿಸುವುದು ಶಿಕ್ಷೆಯಾಯಿತು. ಒಂದೇ ಬೇರಿನ ಎರಡು ಕವಲು ನನ್ನ ನಾಲಿಗೆಯ ಮೇಲೆ ಮೊದಲಿನಿಂದಲೂ ಇದ್ದವು. ಶಿಕ್ಷೆಯ ಪಕ್ಕದಲ್ಲಿ ಸ್ಯಾಂಕ್ಷನ್ನನ್ನು ಕೂರಿಸಿದ ಮೇಲೆ ಆ ಪದ ನನ್ನನ್ನು ಬಿಟ್ಟು ಹೋಗಿಲ್ಲ.

ಅದಕ್ಕೂ ಎರಡು ವರ್ಷ ಮುಂಚೆ ನಾನು ಇಂಗ್ಲಿಷ್ ಪದಗಳನ್ನು ಕಲಿತದ್ದು ಬೇರೆಯೇ ರೀತಿಯಲ್ಲಿ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಚಿತ್ರದುರ್ಗದಲ್ಲಿ ಬಿ.ಎ., ಅದಾದ ಮೇಲೆ ಬ್ಯಾಂಕ್ ಪರೀಕ್ಷೆಯ ತಯಾರಿ. ಸಾವಿರಾರು ಕಠಿಣ ಪದಗಳನ್ನು ಅಕ್ಷರಾನುಕ್ರಮದಲ್ಲಿ ಜೋಡಿಸಿ, ಪ್ರತಿಯೊಂದಕ್ಕೂ ಒಂದೊಂದೇ ಅರ್ಥ ಕೊಟ್ಟಿದ್ದ ಪುಸ್ತಕವೊಂದನ್ನು ಕೊಂಡು, ದಿನಕ್ಕೆ ಐವತ್ತರಂತೆ ಬಾಯಿಪಾಠ ಮಾಡಿದೆ. ಅಬೇಟ್, ಅಬ್ಡಿಕೇಟ್, ಅಬರೇಶನ್, ಅಬೇಯನ್ಸ್. ಬೆಳಗಿನ ಜಾವ ತಾರಸಿಯ ಮೇಲೆ ನಡೆದಾಡುತ್ತಾ ಮಗ್ಗಿ ಹೇಳುವಂತೆ ಹೇಳಿದೆ. ತಿಂಗಳು ಕಳೆಯುವಷ್ಟರಲ್ಲಿ ಅಬ್ರೊಗೇಟ್ ಯಾವುದು, ಆರೊಗೇಟ್ ಯಾವುದು, ಅಬ್ಜೂರ್ ಯಾವುದು, ಅಡ್ಜೂರ್ ಯಾವುದು ಎಂದು ಗೊತ್ತಾಗದ ಸ್ಥಿತಿಗೆ ಬಂದಿದ್ದೆ. ಕುರಿ ಸಾಕುವ ಮನೆಯಲ್ಲಿ ಬೆಳೆದವನಿಗೆ ಕಾರಣ ಆಗಲೇ ತಿಳಿಯಬೇಕಿತ್ತು. ಒಂದೇ ದಿನ ಹುಟ್ಟಿದ ಒಂದೇ ಬಣ್ಣದ ಮರಿಗಳನ್ನು ಒಂದೇ ರೊಪ್ಪದಲ್ಲಿ ಕೂಡಿದರೆ ಹೊಸಬನಿಗೆ ಗುರುತು ಹತ್ತುವುದಿಲ್ಲ. ಒಂದೊಂದು ಮರಿಯನ್ನೂ ಒಂದೊಂದು ಸಂದರ್ಭದಲ್ಲಿ ಎತ್ತಿಕೊಂಡವನಿಗೆ ಮಾತ್ರ ಅವು ಬೇರೆ ಬೇರೆ.

ಆ ಬಾಯಿಪಾಠದ ಫಲ ಒಂದು ಸಂದರ್ಶನದಲ್ಲಿ ಕಂಡಿತು. ನಿಮ್ಮ ಊರಿನ ವಿಶೇಷವೇನು ಎಂದು ಕೇಳಿದರು. ಚಳ್ಳಕೆರೆ ಕಂಬಳಿಗೆ ‘ನಟೋರಿಯಸ್’ ಎಂದು ಉತ್ತರಿಸಿದೆ. ಪುಸ್ತಕದಲ್ಲಿ ಆ ಪದದ ಎದುರಿಗೆ ‘ಬಹಳ ಹೆಸರಾದ’ ಎಂದಷ್ಟೇ ಇತ್ತು. ಎದುರಿಗಿದ್ದವರಲ್ಲಿ ಒಬ್ಬರು ತಾಳ್ಮೆಯಿಂದ, ಅದು ಕಳ್ಳರಿಗೂ ದರೋಡೆಕೋರರಿಗೂ ಹೇಳುವ ಮಾತು ಎಂದು ತಿಳಿಸಿದರು. ಕೆಲಸ ಕೈತಪ್ಪಿದ್ದಕ್ಕಿಂತ ಹೆಚ್ಚಾಗಿ ನನ್ನನ್ನು ನೋಯಿಸಿದ್ದು ಬೇರೆ. ನನ್ನ ಅಜ್ಜಿ ಸಾಯುವ ವರ್ಷದವರೆಗೂ ಜಗುಲಿಯ ಮೇಲೆ ಕುಳಿತು ಉಣ್ಣೆ ನೂಲುತ್ತಿದ್ದಳು. ಆ ಕೈಗಳ ಕೆಲಸವನ್ನು ನಾನು ಕುಖ್ಯಾತ ಎಂದು ಕರೆದು ಬಂದಿದ್ದೆ.

ಸ್ಯಾಂಕ್ಷನ್ನಿನ ರಾತ್ರಿಯ ಮರುದಿನವೇ ಆ ಪುಸ್ತಕವನ್ನು ಪೆಟ್ಟಿಗೆಯ ತಳಕ್ಕೆ ಹಾಕಿದೆ. ಇನ್ನು ಮುಂದೆ ನಾನು ಓದುತ್ತಿರುವ ವಾಕ್ಯದಲ್ಲಿ ಎದುರಾಗದ ಪದವನ್ನು ಕಲಿಯುವುದಿಲ್ಲ ಎಂದು ತೀರ್ಮಾನಿಸಿದೆ. ಈ ಒಂದು ನಿಯಮವನ್ನು ಇಂದಿನವರೆಗೂ ಮುರಿದಿಲ್ಲ.

ಬರೆದಿಡಲು ದಪ್ಪ ಕಾಗದ ಬೇಕಿತ್ತು. ಕೋಣೆಯಲ್ಲಿ ಲಗ್ನಪತ್ರಿಕೆಗಳ ರಾಶಿಯೇ ಇತ್ತು. ಒಂದು ಲಗ್ನಪತ್ರಿಕೆಯನ್ನು ನಾಲ್ಕಾಗಿ ಕತ್ತರಿಸಿದರೆ ಅಂಗೈಯಗಲದ ನಾಲ್ಕು ಚೀಟಿ. ಅಚ್ಚಾದ ಬದಿಯ ಖಾಲಿ ಜಾಗದಲ್ಲಿ ಪದ ಮತ್ತು ಅದು ಸಿಕ್ಕಿದ ವಾಕ್ಯ, ಬೆನ್ನಿಗೆ ಉಳಿದದ್ದು. ಬೆನ್ನಿಗೆ ಬರೆಯುವುದು ಬರಿಯ ಅರ್ಥವಾಗಿದ್ದರೆ ಹಳೆಯ ಪುಸ್ತಕಕ್ಕೂ ಇದಕ್ಕೂ ವ್ಯತ್ಯಾಸವಿರುತ್ತಿರಲಿಲ್ಲ. ಆ ಪದದ ಜೊತೆಗೆ ಸಾಮಾನ್ಯವಾಗಿ ಯಾವ ಪದಗಳು ಓಡಾಡುತ್ತವೆ, ಅದು ಹೊಗಳಿಕೆಯೋ ತೆಗಳಿಕೆಯೋ, ಯಾರು ಆಡುವ ಮಾತು, ಉಚ್ಚಾರ ಹೇಗೆ ಎಂಬುದನ್ನು ಬರೆಯುತ್ತಿದ್ದೆ. ಕೊನೆಯಲ್ಲಿ, ನಮ್ಮ ಮನೆಯಲ್ಲಿ ಅಥವಾ ಊರಿನಲ್ಲಿ ಆ ಭಾವವನ್ನು ಯಾವ ಮಾತಿನಲ್ಲಿ ಹೇಳುತ್ತಾರೆ ಎಂಬುದು. ಈ ಕೊನೆಯ ಸಾಲು ತುಂಬುವವರೆಗೆ ಚೀಟಿ ಪೂರ್ತಿಯಾಯಿತೆಂದು ನಾನು ಒಪ್ಪುತ್ತಿರಲಿಲ್ಲ.

ಒಂದು ಉದಾಹರಣೆ: ‘ಟ್ಯಾಸಿಟ್’. ಅರ್ಥ, ಬಾಯಿಬಿಟ್ಟು ಹೇಳದೆ ತಿಳಿಯುವಂಥದ್ದು. ಅದರ ಜೊತೆಗಾರರು ಒಪ್ಪಿಗೆ, ಒಪ್ಪಂದ, ಬೆಂಬಲ. ಮನುಷ್ಯನೊಬ್ಬನನ್ನು ಟ್ಯಾಸಿಟ್ ಎನ್ನುವುದಿಲ್ಲ. ಮಾತು ಕಡಿಮೆಯಾದ ಮನುಷ್ಯ ‘ಟ್ಯಾಸಿಟರ್ನ್’. ಎರಡರ ಹಿಂದೆಯೂ ಇರುವುದು ಲ್ಯಾಟಿನ್ನಿನಲ್ಲಿ ಸುಮ್ಮನಿರು ಎಂಬ ಅರ್ಥದ ಒಂದೇ ಧಾತು. ನಮ್ಮ ಮಾತು: ಮೌನಂ ಸಮ್ಮತಿ ಲಕ್ಷಣಂ. ಹೆಣ್ಣು ನೋಡಲು ಹೋದ ಮನೆಗಳಲ್ಲೆಲ್ಲ ಕೇಳಿದ ಮಾತಾದ್ದರಿಂದ ಟ್ಯಾಸಿಟ್ ಒಪ್ಪಿಗೆ ಎಂದರೇನು ಎಂಬುದನ್ನು ಆಮೇಲೆ ಯಾರೂ ನನಗೆ ವಿವರಿಸಬೇಕಾಗಲಿಲ್ಲ.

ಚೀಟಿಗಳನ್ನು ಇಡಲು ಬೂಟಿನ ರಟ್ಟಿನ ಡಬ್ಬ. ಅದರೊಳಗೆ ಐದು ಖಾನೆ. ಮೊದಲ ಖಾನೆಯ ಚೀಟಿಗಳನ್ನು ದಿನವೂ ನೋಡುತ್ತೇನೆ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ, ನಾಲ್ಕನೆಯದನ್ನು ಹದಿನೈದು ದಿನಕ್ಕೊಮ್ಮೆ, ಐದನೆಯದನ್ನು ಎರಡು ತಿಂಗಳಿಗೊಮ್ಮೆ. ನೆನಪಾದ ಚೀಟಿ ಮುಂದಿನ ಖಾನೆಗೆ ಹೋಗುತ್ತದೆ, ಮರೆತದ್ದು ಎಲ್ಲಿದ್ದರೂ ಮತ್ತೆ ಮೊದಲ ಖಾನೆಗೆ. ಇದು ನನ್ನ ಸ್ವಂತ ಶೋಧವಲ್ಲ. ಸೆಬಾಸ್ಟಿಯನ್ ಲೈಟ್ನರ್ ಎಂಬವರು 1972ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದ ಪುಸ್ತಕದಿಂದ ಇದು ಪ್ರಚಾರಕ್ಕೆ ಬಂತು. ಅದರ ಹಿಂದಿನ ತಿಳಿವಳಿಕೆ ಇನ್ನೂ ಹಳೆಯದು. ಹರ್ಮನ್ ಎಬಿಂಗ್‌ಹೌಸ್ ಎಂಬ ವಿಜ್ಞಾನಿ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತೇನೆಂದು ಅಳೆದು, 1885ರಲ್ಲಿ ಪ್ರಕಟಿಸಿದ. ಕಲಿತ ಮೊದಲ ಕೆಲವು ಗಂಟೆಗಳಲ್ಲೇ ಮರೆವು ರಭಸದಿಂದ ನುಗ್ಗುತ್ತದೆ, ಆಮೇಲೆ ಅದರ ವೇಗ ಇಳಿಯುತ್ತದೆ. ಆದ್ದರಿಂದ ಮರೆಯುವ ಅಂಚಿಗೆ ಬಂದಾಗ ಮತ್ತೆ ನೆನಪಿಸಿಕೊಳ್ಳುವುದೇ ಉಪಾಯ. ದಿನಕ್ಕೆ ಐವತ್ತು ಪದ ನುಂಗಿ ಎಲ್ಲವನ್ನೂ ಕಳೆದುಕೊಂಡಿದ್ದ ನಾನು ದಿನಕ್ಕೆ ಮೂರಕ್ಕೆ ಇಳಿದೆ. ಭಾನುವಾರ ಹೊಸ ಪದವಿಲ್ಲ.

ಇದೇ ಕೆಲಸವನ್ನು ಆಂಕಿ ಎಂಬ ತಂತ್ರಾಂಶ ಸೊಗಸಾಗಿ ಮಾಡುತ್ತದೆ, ಕಂಪ್ಯೂಟರಿಗೆ ಉಚಿತವಾಗಿಯೂ ಸಿಗುತ್ತದೆ. ನಾನೂ ಎರಡು ತಿಂಗಳು ಬಳಸಿದೆ. ಆದರೆ ಬೇರೆಯವರು ಮಾಡಿಟ್ಟ ಸಾವಿರಾರು ಚೀಟಿಗಳು ಅದರಲ್ಲಿ ಸಿದ್ಧವಾಗಿ ಸಿಗುವುದರಿಂದ ನನಗೆ ಗೊತ್ತಾಗದೆಯೇ ಮತ್ತೆ ಆ ಹಳೆಯ ಪಟ್ಟಿಯ ದಾರಿ ಹಿಡಿದಿದ್ದೆ. ಡಬ್ಬಕ್ಕೆ ವಾಪಸಾದೆ. ಸ್ವಂತ ಚೀಟಿ ಬರೆಯುವ ಶಿಸ್ತಿರುವವರು ಮೊಬೈಲಿನಲ್ಲೂ ಬರೆದುಕೊಳ್ಳಬಹುದು.

ಇನ್ನು ನನಗೆ ಅತ್ಯಂತ ಪ್ರಿಯವಾದ ಸಂಗತಿಗೆ ಬರುತ್ತೇನೆ. ‘ಸೆಗ್ರಿಗೇಟ್’ ಎಂಬ ಪದ ಕಸ ವಿಂಗಡಣೆಯ ಸುದ್ದಿಯೊಂದರಲ್ಲಿ ಸಿಕ್ಕಿತು. ಮೂಲ ನೋಡಿದರೆ ಲ್ಯಾಟಿನ್ನಿನ ‘ಗ್ರೆಕ್ಸ್’, ಅಂದರೆ ಹಿಂಡು. ಸೆಗ್ರಿಗೇಟ್ ಎಂದರೆ ಹಿಂಡಿನಿಂದ ಬೇರೆ ಮಾಡುವುದು. ನಾನು ಎದ್ದು ಕುಳಿತೆ. ಕಾಲುಬಾಯಿ ರೋಗ ಬಂದ ವರ್ಷ ಅಪ್ಪ ಮಾಡುತ್ತಿದ್ದುದು ಅದನ್ನೇ. ಕುಂಟುವ ಕುರಿಯನ್ನು ಹಿಂಡಿನಿಂದ ತೆಗೆದು ಬೇಲಿಯಾಚೆ ಕಟ್ಟುತ್ತಿದ್ದರು. ಅದೇ ಧಾತುವಿನ ಹಿಂದೆ ಹೋದೆ. ‘ಕಾಂಗ್ರಿಗೇಟ್’ ಎಂದರೆ ಹಿಂಡುಗೂಡುವುದು. ಸಂಜೆ ರೊಪ್ಪದ ಬಾಯಲ್ಲಿ ಕುರಿಗಳು ಮಾಡುವುದು ಅದನ್ನೇ. ‘ಅಗ್ರಿಗೇಟ್’ ಎಂದರೆ ಬಿಡಿಬಿಡಿಯಾದದ್ದನ್ನು ಒಂದೇ ಹಿಂಡಿಗೆ ಸೇರಿಸುವುದು. ಪರೀಕ್ಷೆಯ ಒಟ್ಟು ಅಂಕಕ್ಕೂ ಇದೇ ಪದ. ‘ಗ್ರೆಗೇರಿಯಸ್’ ಎಂದರೆ ಜನರ ನಡುವೆ ಇರಲು ಹಾತೊರೆಯುವವನು, ಹಿಂಡುಜೀವಿ. ‘ಎಗ್ರೀಜಸ್’ ಎಂದರೆ ಹಿಂಡಿನಿಂದ ಹೊರಗೆ ಎದ್ದು ನಿಂತದ್ದು. ಐದು ಪದಗಳು ಒಂದೇ ಸಂಜೆಯಲ್ಲಿ ದಕ್ಕಿದವು. ರೋಮಿನ ಕುರುಬನ ಮಾತು ಚಳ್ಳಕೆರೆಯ ಸೀಮೆಯಲ್ಲಿ ಬೆಳೆದವನಿಗೆ ಇಷ್ಟು ನೇರವಾಗಿ ಅರ್ಥವಾಗುತ್ತದೆಂದು ಯಾರಾದರೂ ಮೊದಲೇ ಹೇಳಿದ್ದರೆ, ಇಂಗ್ಲಿಷ್ ಎಂದರೆ ಅಂಜುತ್ತಿದ್ದ ಆ ಶಾಲೆಯ ದಿನಗಳು ಬೇರೆಯಾಗಿರುತ್ತಿದ್ದವು.

ಹಣಕ್ಕೆ ಸಂಬಂಧಿಸಿದ್ದು ಎಂಬ ಅರ್ಥದ ‘ಪೆಕ್ಯೂನಿಯರಿ’ ಕೂಡ ಹೀಗೆಯೇ. ಲ್ಯಾಟಿನ್ನಿನ ‘ಪೆಕು’ ಎಂದರೆ ದನಕುರಿ. ಅದು ಸಂಸ್ಕೃತದ ‘ಪಶು’ವಿನ ಒಡಹುಟ್ಟು. ಆಸ್ತಿಯೆಂದರೆ ಜಾನುವಾರು ಎಂದಿದ್ದ ಕಾಲದ ಮಾತು ಅದು. ಕಾಸಿಲ್ಲದವನಿಗೆ ‘ಇಂಪೆಕ್ಯೂನಿಯಸ್’ ಎನ್ನುತ್ತಾರೆ; ಮೂಲದಲ್ಲಿ ಪಶುಗಳಿಲ್ಲದವನು.

ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದಿಂದ ಬಂದಿರಬೇಕೆಂದು ವಿಲಿಯಂ ಜೋನ್ಸ್ ಎಂಬ ಇಂಗ್ಲಿಷ್ ಭಾಷಾಪಂಡಿತ ಕಲ್ಕತ್ತೆಯಲ್ಲಿ ಹೇಳಿದ್ದು 1786ರಲ್ಲಿ. ನಮ್ಮ ಕನ್ನಡ ದ್ರಾವಿಡ ಕುಟುಂಬದ್ದು. ಆದರೂ ಅದು ಸಂಸ್ಕೃತದಿಂದ ಪಡೆದ ಸಾವಿರಾರು ಪದಗಳು ನಮ್ಮ ಬಾಯಲ್ಲಿವೆ. ಕನ್ನಡ ಮಾಧ್ಯಮದ ಮಕ್ಕಳ ಕೈಯಲ್ಲಿ ಈ ಸೇತುವೆ ಇದೆಯೆಂದು ನಮಗೆ ಯಾರೂ ತೋರಿಸಲಿಲ್ಲ. ‘ದಂತ’ ಗೊತ್ತಿದ್ದವನಿಗೆ ಡೆಂಟಲ್, ‘ಅಗ್ನಿ’ ಗೊತ್ತಿದ್ದವನಿಗೆ ಇಗ್ನೈಟ್, ‘ನವ’ ಗೊತ್ತಿದ್ದವನಿಗೆ ನಾವೆಲ್ ಮತ್ತು ಇನೋವೇಶನ್ ನೆಂಟರಾಗಿಯೇ ಸಿಗುತ್ತಾರೆ. ‘ಅಮೃತ’ದಲ್ಲಿ ‘ಅ’ ಎಂದರೆ ಇಲ್ಲ, ‘ಮೃತ’ ಎಂದರೆ ಸತ್ತದ್ದು. ಇಂಗ್ಲಿಷಿನ ‘ಇಮ್ಮಾರ್ಟಲ್’ ಅದೇ ಎರಡು ತುಂಡುಗಳಿಂದ ಆದದ್ದು. ಗ್ರೀಕ್ ದೇವತೆಗಳ ಆಹಾರವಾದ ‘ಅಂಬ್ರೋಸಿಯಾ’ವೂ ಅದೇ. ಅಷ್ಟೇಕೆ, ಪ್ರತಿ ರೈತನ ಮನೆಗೂ ಬಂದುಹೋಗುವ ‘ಮಾರ್ಟ್‌ಗೇಜ್’ನಲ್ಲೂ ಮೃತವಿದೆ, ಹಳೆಯ ಫ್ರೆಂಚಿನಲ್ಲಿ ಅದು ಸತ್ತ ಒತ್ತೆ. ಸಾಲ ತೀರಿದರೆ ಒತ್ತೆ ಸಾಯುತ್ತದೆ, ತೀರದಿದ್ದರೆ ಜಮೀನು ಸಾಲ ಪಡೆದವನ ಪಾಲಿಗೆ ಸಾಯುತ್ತದೆ ಎಂದು ಹಳೆಯ ಇಂಗ್ಲಿಷ್ ವಕೀಲರು ವಿವರಿಸಿದರು. ಅಪ್ಪನಿಗೆ ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು.

ಧಾತು ಬೇರೆಯಾದರೂ ಭಾವ ಒಂದೇ ಆಗಿರುವ ಜೋಡಿಗಳು ಇನ್ನೂ ಸೊಗಸು. ‘ಡಿಸಾಸ್ಟರ್’ನೊಳಗೆ ಇರುವುದು ಕೆಟ್ಟ ನಕ್ಷತ್ರ. ನಾವು ಗ್ರಹಚಾರ ಎನ್ನುತ್ತೇವೆ. ಕೇಡು ಸೂಚಿಸುವ ‘ಸಿನಿಸ್ಟರ್’ ಎಂದರೆ ಲ್ಯಾಟಿನ್ನಿನಲ್ಲಿ ಎಡಗಡೆ. ನಮ್ಮಲ್ಲಿ ದಿನ ಕೆಟ್ಟರೆ ಎಡ ಮಗ್ಗುಲಲ್ಲಿ ಎದ್ದೆಯಾ ಎಂದು ಕೇಳುತ್ತಾರೆ. ಗರ್ವದಿಂದ ನೋಡುವ ‘ಸೂಪರ್‌ಸಿಲಿಯಸ್’ ಮನುಷ್ಯನ ಹಿಂದೆ ಇರುವುದು ಲ್ಯಾಟಿನ್ನಿನ ಹುಬ್ಬು. ‘ಪ್ರೊಕ್ರಾಸ್ಟಿನೇಟ್’ ನನಗೆ ತಿಂಗಳುಗಟ್ಟಲೆ ದಕ್ಕಿರಲಿಲ್ಲ. ಅದರ ಹೊಟ್ಟೆಯಲ್ಲಿರುವ ‘ಕ್ರಾಸ್’ ಎಂದರೆ ನಾಳೆ ಎಂದು ತಿಳಿದ ಕೂಡಲೇ, ದೆವ್ವ ಬಾರದಿರಲೆಂದು ಹಳ್ಳಿಯ ಬಾಗಿಲುಗಳ ಮೇಲೆ ಇದ್ದಿಲಿನಲ್ಲಿ ಬರೆಯುತ್ತಿದ್ದ ‘ನಾಳೆ ಬಾ’ ಕಣ್ಣೆದುರು ಬಂತು. ಮಾಡಬೇಕಾದ ಕೆಲಸಕ್ಕೆ ನಾಳೆ ಬಾ ಎಂದು ಹೇಳುವುದು ಪ್ರೊಕ್ರಾಸ್ಟಿನೇಟ್. ಚೀಟಿಯ ಬೆನ್ನಿಗೆ ಅಷ್ಟೇ ಬರೆದೆ.

ಆದರೆ ಮೂಲವನ್ನು ನಂಬಿ ಅರ್ಥ ಊಹಿಸಬಾರದು, ಇದನ್ನು ನಾನು ಪೆಟ್ಟು ತಿಂದು ಕಲಿತೆ. ಮೇಲೆ ಹೇಳಿದ ಎಗ್ರೀಜಸ್ ಹದಿನಾರನೇ ಶತಮಾನದಲ್ಲಿ ಹೊಗಳಿಕೆಯಾಗಿತ್ತು, ಹಿಂಡಿನಲ್ಲೇ ಶ್ರೇಷ್ಠ ಎಂದು. ಇವತ್ತು ಅದಕ್ಕೆ ಘೋರ, ಅಕ್ಷಮ್ಯ ಎಂಬ ಅರ್ಥ. ಕೋರ್ಟಿನ ತೀರ್ಪೊಂದರ ಅನುವಾದದಲ್ಲಿ ‘ಎಗ್ರೀಜಸ್ ಲೋಪ’ವನ್ನು ನಾನು ‘ಎದ್ದು ಕಾಣುವ ಲೋಪ’ ಎಂದು ಮೃದುವಾಗಿಸಿಬಿಟ್ಟಿದ್ದೆ. ತೀರ್ಪಿನ ಸಿಟ್ಟೇ ಆ ವಾಕ್ಯದಿಂದ ಹೋಗಿಬಿಟ್ಟಿತ್ತು. ಮೂಲ ಇರುವುದು ನೆನಪಿನ ಗೂಟವಾಗಿ. ಇಂದಿನ ಅರ್ಥವನ್ನು ಇಂದಿನ ವಾಕ್ಯಗಳಲ್ಲೇ ನೋಡಬೇಕು. ಅದಕ್ಕಾಗಿ ನಾನು ಬಳಸುವುದು ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಎಸ್. ಹಾರ್ನ್‌ಬಿ ಅಲ್ಲಿನ ವಿದ್ಯಾರ್ಥಿಗಳ ತೊಡಕುಗಳನ್ನು ನೋಡಿ ರೂಪಿಸಿದ ಬಗೆ ಅದು. ಅವರ ನಿಘಂಟು ಮೊದಲು ಅಚ್ಚಾದದ್ದು 1942ರಲ್ಲಿ, ಟೋಕಿಯೊದಲ್ಲಿ. ಪದ ವಾಕ್ಯದಲ್ಲಿ ಹೇಗೆ ನಿಲ್ಲುತ್ತದೆ ಎಂಬುದನ್ನು ಅದು ತೋರಿಸುತ್ತದೆ. ಇಂಗ್ಲಿಷ್–ಕನ್ನಡ ನಿಘಂಟನ್ನು ತೆರೆಯುವುದು ಅದಾದ ಮೇಲೆ.

ಒಂದಕ್ಕೊಂದು ಹತ್ತಿರದ ಪದಗಳನ್ನು ಮೊದಲೇ ಒಟ್ಟಿಗೆ ಕಲಿಯಬಾರದು. ಒಂದೊಂದಾಗಿ ಪರಿಚಯವಾದ ಮೇಲೆ ಸಾಲಾಗಿ ನಿಲ್ಲಿಸಿ ನೋಡಿದರೆ ಸೂಕ್ಷ್ಮ ತಿಳಿಯುತ್ತದೆ. ಹಣ ಖರ್ಚು ಮಾಡದ ಮನುಷ್ಯನ ಬಗ್ಗೆ ಇಂಗ್ಲಿಷಿನಲ್ಲಿ ಥ್ರಿಫ್ಟಿ, ಫ್ರೂಗಲ್, ಪಾರ್ಸಿಮೋನಿಯಸ್, ಸ್ಟಿಂಜಿ, ಮೈಸರ್ಲಿ ಎಂಬ ಪದಗಳು ಐದು ಬೇರೆ ಬೇರೆ ತಿಂಗಳಲ್ಲಿ ನನ್ನ ಡಬ್ಬಕ್ಕೆ ಬಂದಿದ್ದವು. ಒಂದು ದಿನ ಅವನ್ನು ಚಾಪೆಯ ಮೇಲೆ ಹರಡಿ, ಪಕ್ಕದಲ್ಲಿ ಕನ್ನಡದವನ್ನು ಬರೆಯತೊಡಗಿದೆ. ಹಿಡಿತದ ಕೈ, ಮಿತವ್ಯಯಿ, ಕೈಬಿಗಿ, ಜುಗ್ಗ, ಜಿಪುಣ, ಲೋಭಿ. ಹಿಡಿತದ ಕೈ ಎಂದು ಸೊಸೆಯನ್ನು ಹೊಗಳುತ್ತಾರೆ; ಅದು ಥ್ರಿಫ್ಟಿ. ಜುಗ್ಗ ಎಂದು ಎದುರಿಗೆ ಹೇಳಿದರೆ ಜಗಳ, ಅದು ಸ್ಟಿಂಜಿ. ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಎಂದು ಅಜ್ಜಿ ಒಬ್ಬರ ಬಗ್ಗೆ ಹೇಳುತ್ತಿದ್ದಳು. ಮೈಸರ್ಲಿ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ವಿವರಣೆ ನನಗೆ ಎಲ್ಲಿಯೂ ಸಿಕ್ಕಿಲ್ಲ. ಹಾಗೆಯೇ ‘ಆಬ್ಸ್ಟಿನೇಟ್’ ಮತ್ತು ‘ಟೆನೇಶಸ್’. ಎರಡೂ ಹಿಡಿದದ್ದನ್ನು ಬಿಡದಿರುವುದೇ. ಒಂದು ಹಟ, ಇನ್ನೊಂದು ಛಲ. ಛಲದೊಳ್ ದುರ್ಯೋಧನಂ ಎಂದು ಪಂಪ ಹೇಳಿದ ಛಲವನ್ನು ಹಟ ಎಂದು ಯಾರಾದರೂ ಅನುವಾದಿಸಿದರೆ ನಮಗೆ ಸಿಟ್ಟು ಬರುತ್ತದೆ. ಅಷ್ಟೇ ಸಿಟ್ಟು ಬರುವಷ್ಟು ಇಂಗ್ಲಿಷ್ ಪದದ ಬಗ್ಗೆಯೂ ತಿಳಿದಾಗ ಆ ಪದ ನನ್ನದಾಯಿತು ಎಂದು ಲೆಕ್ಕ ಹಾಕುತ್ತೇನೆ.

ಯಾವ ಪದಗಳನ್ನು ಬಿಡಬೇಕು ಎಂಬುದೂ ಮುಖ್ಯ. ಓದುಗನನ್ನು ಬೆರಗುಗೊಳಿಸಲೆಂದೇ ಇರುವ ಉದ್ದುದ್ದ ಪದಗಳ ಹಿಂದೆ ಹೋಗಿ ಕಾಲ ಕಳೆಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಮೈಕೆಲ್ ವೆಸ್ಟ್ 1953ರಲ್ಲಿ ದಿನಬಳಕೆಯ ಸುಮಾರು 2,000 ಇಂಗ್ಲಿಷ್ ಪದಗಳ ಪಟ್ಟಿ ಪ್ರಕಟಿಸಿದರು. ಅದರಾಚೆಗೆ, ಎಲ್ಲ ಶಾಸ್ತ್ರಗಳ ಬರಹಗಳಲ್ಲೂ ಮತ್ತೆ ಮತ್ತೆ ಬರುವ 570 ಪದಕುಟುಂಬಗಳನ್ನು (ಒಂದು ಪದ ಮತ್ತು ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ) ನ್ಯೂಜಿಲೆಂಡಿನ ಆವ್ರಿಲ್ ಕಾಕ್ಸ್‌ಹೆಡ್ 2000ರಲ್ಲಿ ಗುರುತಿಸಿದರು. ಪತ್ರಿಕೆ, ಕಾದಂಬರಿಗಳನ್ನು ಯಾರ ನೆರವೂ ಇಲ್ಲದೆ ಓದಲು 8,000ದಿಂದ 9,000 ಪದಕುಟುಂಬಗಳು ಬೇಕೆಂದು ಪಾಲ್ ನೇಶನ್ 2006ರಲ್ಲಿ ಅಂದಾಜು ಮಾಡಿದರು. ನಮಗೆ ತೊಂದರೆ ಕೊಡುವುದು ಈ ನಡುವಿನ ಪದರ. ಆರೋಪಿಸಲಾದ ಎಂಬ ಅರ್ಥದ ‘ಅಲೆಜ್ಡ್’ ಎಂಬುದನ್ನು ಬಿಟ್ಟು ಅನುವಾದಿಸಿದರೆ ಆರೋಪಿ ಅಪರಾಧಿಯಾಗಿಬಿಡುತ್ತಾನೆ. ಮೇಲ್ನೋಟಕ್ಕೆ ಎಂಬ ಅರ್ಥದ ‘ಆಸ್ಟೆನ್ಸಿಬ್ಲಿ’ ಎಂಬುದನ್ನು ಗಮನಿಸದಿದ್ದರೆ ನೆಪವೇ ಕಾರಣವಾಗಿ ಅಚ್ಚಾಗುತ್ತದೆ. ‘ಟೇಬಲ್’ ಎಂಬ ಕ್ರಿಯಾಪದ ಬ್ರಿಟನ್ನಿನಲ್ಲೂ ನಮ್ಮಲ್ಲೂ ಮಸೂದೆಯನ್ನು ಮಂಡಿಸುವುದು, ಅಮೆರಿಕದಲ್ಲಿ ಅದನ್ನು ಬದಿಗಿಡುವುದು. ನಾನು ಬೆವರು ಹರಿಸಿದ್ದು ಇಂಥವುಗಳಿಗಾಗಿ.

ಉಚ್ಚಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಓದಿ ಕಲಿತವನಿಗೆ ಬರೆದಂತೆ ಉಚ್ಚರಿಸುವ ಅಭ್ಯಾಸ. ಕನ್ನಡ ಕಲಿಸಿದ ಪ್ರಾಮಾಣಿಕತೆ ಅದು. ‘ಎಪಿಟಮಿ’ಯನ್ನು ಎಪಿಟೋಮ್ ಎಂದೂ ‘ಹೈಪರ್ಬಲಿ’ಯನ್ನು ಹೈಪರ್‌ಬೋಲ್ ಎಂದೂ ವರ್ಷಗಟ್ಟಲೆ ಹೇಳಿದ್ದೇನೆ. ಈಗ ಚೀಟಿಯಲ್ಲಿ ಕನ್ನಡ ಲಿಪಿಯಲ್ಲೇ ಉಚ್ಚಾರ ಬರೆದು, ಒತ್ತು ಬೀಳುವ ಅಕ್ಷರದ ಕೆಳಗೆ ಗೆರೆ ಎಳೆಯುತ್ತೇನೆ. ಫೋಟೋಗ್ರಾಫಿನಲ್ಲಿ ಮೊದಲ ಅಕ್ಷರಕ್ಕೆ ಬೀಳುವ ಒತ್ತು ಫೋಟೋಗ್ರಫಿಯಲ್ಲಿ ಎರಡನೆಯದಕ್ಕೆ ಸರಿಯುತ್ತದೆ. ಕನ್ನಡದ ಕಿವಿಗೆ ಇದು ಹೊಸದು, ನಿಘಂಟಿನ ಧ್ವನಿಯನ್ನು ಕೇಳಿಯೇ ಕಲಿಯಬೇಕು.

2017ರ ಆಗಸ್ಟ್ 24ರ ದಿನವನ್ನು ನಾನು ಮರೆಯುವುದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿದ ದಿನ. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೀರ್ಪು 547 ಪುಟ. ಸಂಜೆಯ ಹೊತ್ತಿಗೆ ಅದರ ಮುಖ್ಯಾಂಶಗಳು ನಮ್ಮ ಮೇಜಿಗೆ ಬಂದಿದ್ದವು. ‘ಪ್ರೈವಸಿ’ಗೆ ಏನೆನ್ನುವುದು ಎಂಬುದರಿಂದಲೇ ಚರ್ಚೆ ಆರಂಭವಾಯಿತು. ಗೋಪ್ಯತೆ ಎಂದರೆ ಮುಚ್ಚಿಡುವುದು, ಅದು ಸೀಕ್ರೆಸಿ. ಏಕಾಂತ ಎಂದರೆ ಒಬ್ಬನೇ ಇರುವುದು, ಅದು ಸಾಲಿಟ್ಯೂಡ್. ಮುಚ್ಚಿಡಲು ಏನೂ ಇಲ್ಲದವನಿಗೂ, ಹತ್ತು ಜನರ ನಡುವೆ ಇರುವವನಿಗೂ ಪ್ರೈವಸಿ ಇದೆ. ನಾವು ‘ಖಾಸಗಿತನ’ ಎಂದೇ ಬರೆದೆವು.

ನನ್ನ ಪಾಲಿಗೆ ಬಂದ ಭಾಗದಲ್ಲಿ ‘ಇನೇಲಿಯನಬಲ್’ ಎಂಬ ಪದವಿತ್ತು. ಬದುಕು ಮತ್ತು ವೈಯಕ್ತಿಕ ಸ್ವಾತಂತ್ರ್ಯ ಅಂಥ ಹಕ್ಕುಗಳು ಎಂದು ತೀರ್ಪು ಹೇಳುತ್ತಿತ್ತು. ಇಂಗ್ಲಿಷ್ ನಿಘಂಟು, ಕಿತ್ತುಕೊಳ್ಳಲಾಗದ ಅಥವಾ ಬಿಟ್ಟುಕೊಡಲಾಗದ ಎಂಬ ಅರ್ಥ ಕೊಟ್ಟಿತು. ಇಂಗ್ಲಿಷ್–ಕನ್ನಡ ನಿಘಂಟಿನಲ್ಲಿ ‘ಪರಭಾರೆ ಮಾಡಲಾಗದ’ ಎಂದಿತ್ತು. ಪರಭಾರೆ! ಆ ಪದವನ್ನು ನಾನು ಓದಲು ಕಲಿತದ್ದೇ ನಮ್ಮ ಮನೆಯ ಟ್ರಂಕಿನಲ್ಲಿದ್ದ ಸಾಗುವಳಿ ಚೀಟಿಯಲ್ಲಿ. ಸರ್ಕಾರದಿಂದ ದರಖಾಸ್ತಿನಲ್ಲಿ ಸಿಕ್ಕಿದ ಎರಡು ಎಕರೆಯನ್ನು ಇಂತಿಷ್ಟು ವರ್ಷ ಪರಭಾರೆ ಮಾಡತಕ್ಕದ್ದಲ್ಲ ಎಂಬ ಷರತ್ತು ಅದರಲ್ಲಿತ್ತು. ಪರಿಶಿಷ್ಟರಿಗೆ ಮಂಜೂರಾದ ಭೂಮಿಯನ್ನು ಕಾಯುವ 1978ರ ಕರ್ನಾಟಕ ಕಾಯ್ದೆಯ ಹೆಸರಿನಲ್ಲೇ ‘ಪರಭಾರೆ ನಿಷೇಧ’ ಎಂಬ ಮಾತಿದೆ. ಹೊಲವನ್ನು ಮಾರಲು, ಒತ್ತೆ ಇಡಲು, ದಾನ ಕೊಡಲು ಆಗದು; ನೀನು ಕಷ್ಟದಲ್ಲಿದ್ದಾಗ ಯಾರೋ ನಿನ್ನಿಂದ ಬರೆಸಿಕೊಂಡರೂ ಅದು ನಡೆಯದು. ಸಾಲ ಕೊಟ್ಟವರು ಬಾಗಿಲಿಗೆ ಬಂದ ಬರಗಾಲದ ವರ್ಷಗಳಲ್ಲಿ ಆ ಒಂದು ಷರತ್ತಿನಿಂದ ನಮ್ಮ ಎರಡು ಎಕರೆ ಉಳಿದಿತ್ತು. ಒಂದು ಹಕ್ಕು ಇನೇಲಿಯನಬಲ್ ಎಂದರೆ ಏನೆಂದು ಪದ ಪದವಾಗಿ ನನಗೆ ಗೊತ್ತಿತ್ತು, ಅದರ ಇಂಗ್ಲಿಷ್ ಹೆಸರು ತಿಳಿದಿರಲಿಲ್ಲ ಅಷ್ಟೇ. ಪುಟದಲ್ಲಿ ಓದುಗರಿಗೆ ಸುಲಭವಾಗಲೆಂದು ‘ಯಾರೂ ಕಸಿಯಲಾಗದ’ ಎಂದು ಬಳಸಿದೆವು. ನನ್ನ ಚೀಟಿಯ ಬೆನ್ನಿಗೆ ಮಾತ್ರ ಟ್ರಂಕಿನ ಆ ಸಾಲನ್ನೇ ಬರೆದುಕೊಂಡೆ.

ಹೀಗೆ ಬಂದ ಪದಗಳೇ ಉಳಿದಿವೆ. ಡಬ್ಬ ಈಗ ನಾಲ್ಕಾಗಿದೆ. ಇದರಿಂದ ನನ್ನ ಕನ್ನಡವೂ ಬೆಳೆಯಿತು ಎಂಬುದು ನಾನು ನಿರೀಕ್ಷಿಸದ ಲಾಭ. ಚೀಟಿಯ ಕೊನೆಯ ಸಾಲಿಗಾಗಿ ಎಷ್ಟೋ ಸಲ ಊರಿಗೆ ಫೋನ್ ಮಾಡಿದ್ದೇನೆ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟನ್ನು ತಿರುವಿ, ಜರ್ಮನಿಯಿಂದ ಬಂದ ಒಬ್ಬ ಪಾದ್ರಿ ನಮ್ಮ ಗಾದೆಗಳನ್ನು ಎಷ್ಟು ಕಾಳಜಿಯಿಂದ ಕೂಡಿಟ್ಟಿದ್ದಾರೆಂದು ಕಂಡು ಗೌರವ ಹೆಚ್ಚಿದೆ. ಅವರೂ ಪರಭಾಷೆ ಕಲಿಯುತ್ತಿದ್ದವರೇ.

ಕೆಲವು ಪದಗಳು ಮೊದಲ ಖಾನೆಯಿಂದ ಕದಲುವುದಿಲ್ಲ. ‘ಪಾಯ್ನ್ಯಂಟ್’ ಎರಡು ವರ್ಷ ಅಲ್ಲಿಯೇ ಇತ್ತು. ಮೂಲ ಗೊತ್ತಿತ್ತು, ಲ್ಯಾಟಿನ್ನಿನಲ್ಲಿ ಚುಚ್ಚು ಎಂಬ ಧಾತು. ಸೈಕಲ್ಲಿನ ಪಂಕ್ಚರ್ ಅದರಿಂದಲೇ ಬಂದದ್ದು. ವಿಧಾನಸಭೆಯ ಕಡತದಿಂದ ಮಾತನ್ನು ತೆಗೆದುಹಾಕುವ ‘ಎಕ್ಸ್‌ಪಂಜ್’ ಕೂಡ ಅದರದ್ದೇ. ನಿಘಂಟುಗಳು ‘ಮನಕಲಕುವ’, ‘ಹೃದಯಸ್ಪರ್ಶಿ’ ಎನ್ನುತ್ತವೆ. ಮನ ಕಲಕಿದರೆ ಚುಚ್ಚಿದಂತಾಗುವುದಿಲ್ಲ, ಹೃದಯಸ್ಪರ್ಶಿಯಾದದ್ದು ನೋಯಿಸಬೇಕೆಂದಿಲ್ಲ. ಕೊನೆಯ ಸಾಲು ಖಾಲಿಯೇ ಉಳಿದಿತ್ತು.

ಕಳೆದ ಬೇಸಿಗೆಯಲ್ಲಿ ಅಪ್ಪನಿಗೆ ಮೊಣಕಾಲು ನೋವು ಹೆಚ್ಚಾಗಿ ಇದ್ದ ಕುರಿಗಳನ್ನೆಲ್ಲ ಮಾರಿದರು. ರಾತ್ರಿ ಅವ್ವ ಫೋನಿನಲ್ಲಿ ಬೆಲೆ ಎಷ್ಟಾಯಿತು, ಯಾರು ಕೊಂಡರು ಎಂದೆಲ್ಲ ಹೇಳಿದಳು. ಆಮೇಲೆ ದನಿ ತಗ್ಗಿಸಿ, “ಸಂಜೆ ರೊಪ್ಪದ ಬಾಗಿಲು ಹಾಕಲು ಹೋಗಿದ್ದೆ ಕಣಪ್ಪ. ಒಳಗೆ ಒಂದೂ ಇಲ್ಲ. ಕರುಳು ಚುರ್ ಎಂದಿತು” ಎಂದಳು.

ಫೋನ್ ಇಟ್ಟು ಡಬ್ಬ ತೆಗೆದೆ. ಪಾಯ್ನ್ಯಂಟ್ ಚೀಟಿಯ ಬೆನ್ನಿಗೆ ಅವ್ವನ ಮಾತನ್ನು ಹಾಗೆಯೇ ಬರೆದು, ಎರಡನೆಯ ಖಾನೆಗೆ ಇಟ್ಟೆ.